ಒಂದು ದೀಪಕ್ಕೆ ಮೂರು ಸ್ವಿಚ್ಚು

ಈಚೆಗೆ ನಮ್ಮ ಪಟ್ಟಣಗಳಲ್ಲಿ ಗೃಹಪ್ರವೇಶದ ಊಟಕ್ಕೆ ಹೋಗಿಬರುವವರು ಒಂದು ವಿಚಿತ್ರವನ್ನು ಕಂಡಿರಬಹುದು. ನಡುಮನೆಯ ಗೋಡೆಯ ಮೇಲೆ ಆರೆಂಟು ಸ್ವಿಚ್ಚುಗಳು ಸಾಲಾಗಿ ಇರುತ್ತವೆ. ಅವುಗಳಲ್ಲಿ ಒಂದೆರಡರ ಮೇಲೆ ಮಾತ್ರ ಅಂಟುಪಟ್ಟಿಯ ತುಂಡನ್ನು ಹಚ್ಚಿ ‘ಮುಟ್ಟಬಾರದು’ ಎಂದು ಬರೆದಿರುತ್ತಾರೆ. ಕಾರಣವನ್ನು ಕೇಳಿದರೆ ಮನೆಯ ತರುಣರು ಉತ್ಸಾಹದಿಂದ ವಿವರಿಸುತ್ತಾರೆ: ಆ ದೀಪಗಳು ಸಾಮಾನ್ಯ ದೀಪಗಳಲ್ಲ, ಫೋನಿನಿಂದಲೂ ಬಾಯಿಮಾತಿನಿಂದಲೂ ಹೊತ್ತಿಸತಕ್ಕ ಸ್ಮಾರ್ಟ್ ಬಲ್ಬುಗಳು, ಗೋಡೆಯ ಸ್ವಿಚ್ಚನ್ನು ಯಾರಾದರೂ ತಿಳಿಯದೆ ಒತ್ತಿಬಿಟ್ಟರೆ ಅವು ಆಮೇಲೆ ಯಾರ ಮಾತನ್ನೂ ಕೇಳವು. ದೀಪ ಹೊತ್ತಿಸುವುದಕ್ಕೆಂದೇ ಇಟ್ಟ ಸ್ವಿಚ್ಚನ್ನು ಮುಟ್ಟಬಾರದೆಂಬ ಕಟ್ಟಳೆ ಮನೆಯೊಳಗೆ ಹೇಗೆ ಬಂದಿತು, ಅದಿಲ್ಲದೆ ಈ ಹೊಸ ಬಲ್ಬುಗಳೊಡನೆ ಬಾಳುವ ಉಪಾಯವುಂಟೆ ಎಂಬುದೇ ಈ ತಿಂಗಳ ವಿಚಾರ.

ಸಂಗತಿ ಸರಳವಾದುದು. ಹಳೆಯ ಬಲ್ಬಿಗೆ ಸ್ವಂತ ಬುದ್ಧಿಯೆಂಬುದಿರಲಿಲ್ಲ. ವಿದ್ಯುತ್ತು ಬಂದರೆ ಉರಿಯುವುದು, ನಿಂತರೆ ಆರುವುದು. ಬಿಡುವ ತಡೆಯುವ ಅಧಿಕಾರವೆಲ್ಲವೂ ಗೋಡೆಯ ಸ್ವಿಚ್ಚಿನದು. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹರಿದು, ಆಮೇಲೆ ಮನೆಮನೆಯನ್ನು ಹೊಕ್ಕಿತಷ್ಟೆ. ಅಂದಿನಿಂದ ಮೊನ್ನೆಮೊನ್ನೆಯವರೆಗೂ ಈ ಅಧಿಕಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಿರಲಿಲ್ಲ. ಸ್ಮಾರ್ಟ್ ಬಲ್ಬಿನಲ್ಲಿ (ನಾವು ಜಾಣಬಲ್ಬೆಂದೇ ಕರೆಯೋಣ) ಎಲ್.ಇ.ಡಿ. ದೀಪದ ಜೊತೆಗೆ ಒಂದು ಪುಟ್ಟ ರೇಡಿಯೋ ಯಂತ್ರವೂ ಅದರ ಅಪ್ಪಣೆಗೆ ತಕ್ಕಂತೆ ನಡೆಯುವ ಒಂದು ಸ್ವಿಚ್ಚೂ ಬಲ್ಬಿನ ಕುತ್ತಿಗೆಯೊಳಗೇ ಅಡಗಿವೆ. ಫಿಲಿಪ್ಸ್ ಕಂಪನಿಯ ‘ಹ್ಯೂ’ ಬಲ್ಬುಗಳು 2012ರಲ್ಲಿ ಮಾರಾಟಕ್ಕೆ ಬಂದ ಮೇಲೆ ಈ ಜಾತಿ ಲೋಕದಲ್ಲೆಲ್ಲ ಹರಡಿತು. ಫೋನಿನಿಂದ ಹೊರಟ ಅಪ್ಪಣೆಯನ್ನು ಆ ಪುಟ್ಟ ಯಂತ್ರ ಕೇಳಬೇಕಾದರೆ ಅದು ಎಚ್ಚರವಾಗಿರಬೇಕು. ಎಚ್ಚರವಾಗಿರಬೇಕಾದರೆ ಅದಕ್ಕೆ ಹಗಲೂ ರಾತ್ರಿ ವಿದ್ಯುತ್ತು ದೊರೆಯುತ್ತಿರಬೇಕು. ಗೋಡೆಯ ಸ್ವಿಚ್ಚು ಅದನ್ನು ಕತ್ತರಿಸಿದೊಡನೆ ಜಾಣಬಲ್ಬು ಗಾಜಿನ ಬುರುಡೆಯಾಗಿಬಿಡುತ್ತದೆ.

ನಮ್ಮ ಹಿರಿಯರು ‘ದೀಪ ಆರಿಸು’ ಎಂಬ ಅಶುಭದ ಮಾತನ್ನಾಡದೆ ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದುದನ್ನು ವಾಚಕರು ಬಲ್ಲರು. ಜಾಣಬಲ್ಬಿನ ವಿಷಯದಲ್ಲಿ ಆ ಮಾತು ಅಕ್ಷರಶಃ ಸಲ್ಲುವಂತಿದೆ. ಫೋನಿನಿಂದ ಆರಿಸಿದಾಗ ಬೆಳಕು ಹೋಗುತ್ತದೆಯೇ ಹೊರತು ಬಲ್ಬು ನಿಜವಾಗಿ ಆರುವುದಿಲ್ಲ. ಕಣ್ಣಿಗೆ ಕಾಣದ ನಂದಾದೀಪದಂತೆ ಒಳಗೊಳಗೇ ಎಚ್ಚರವಾಗಿ ಕಾದಿರುತ್ತದೆ.

ಛಾವಣಿಯ ದೀಪದ ತೊಡಕು ಇಷ್ಟೇ. ಮೇಜಿನ ದೀಪದ ವಿಷಯಕ್ಕೆ ಬಂದರೆ ತೊಡಕು ಮತ್ತೂ ಹೆಚ್ಚುತ್ತದೆ. ನಮ್ಮ ದೇಶದಲ್ಲಿ ಗೋಡೆಯ ಪ್ಲಗ್ಗಿನ ಪಕ್ಕದಲ್ಲಿ ಅದಕ್ಕೆಂದೇ ಒಂದು ಸ್ವಿಚ್ಚಿರುವುದು ವಾಡಿಕೆ. ದೀಪದ ತಂತಿಯ ನಡುವೆ ಹೆಬ್ಬೆರಳಿನಿಂದ ಒತ್ತುವ ಮತ್ತೊಂದು ಸ್ವಿಚ್ಚಿರುತ್ತದೆ, ಇಲ್ಲವೆ ಬಲ್ಬಿನ ಹೋಲ್ಡರಿನಲ್ಲಿಯೇ ತಿರುಗಿಸುವ ಕೀಲಿಯೋ ಎಳೆಯುವ ಸರಪಳಿಯೋ ಇರುತ್ತದೆ. ಇವೆರಡಕ್ಕೆ ಬಲ್ಬಿನೊಳಗಿನ ಸ್ವಿಚ್ಚು ಸೇರಿ ಒಂದು ದೀಪಕ್ಕೆ ಮೂವರು ಯಜಮಾನರಾದಂತಾಯಿತು. ಮೂವರೂ ಒಂದೇ ತಂತಿಯ ಮೇಲೆ ಒಬ್ಬರ ಹಿಂದೊಬ್ಬರು ಕುಳಿತಿರುವವರು. ಮೂವರೂ ಒಪ್ಪಿದರೆ ದೀಪವುಂಟು. ಒಬ್ಬನು ಒಪ್ಪದಿದ್ದರೂ ಇಲ್ಲ. ಮಗಳು ಓದು ಮುಗಿಸಿ ತಂತಿಯ ಸ್ವಿಚ್ಚನ್ನು ಒತ್ತುತ್ತಾಳೆ. ಕೆಲಸದಾಕೆ ಗುಡಿಸುವಾಗ ಪ್ಲಗ್ಗಿನ ಸ್ವಿಚ್ಚನ್ನು ಮೇಲಕ್ಕೆ ತಳ್ಳುತ್ತಾಳೆ. ತಂದೆ ಫೋನಿನಲ್ಲಿ ಹತ್ತು ಸಲ ಒತ್ತಿ ‘ಬಲ್ಬು ಕೆಟ್ಟಿತು’ ಎಂದು ಅಂಗಡಿಗೆ ಹಿಂದಿರುಗಿಸಲು ಹೊರಡುತ್ತಾನೆ. ಇವರಲ್ಲಿ ಯಾರದೂ ತಪ್ಪೆನ್ನುವಂತಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಹಾಸಿಗೆಯ ತಲೆದೆಸೆಗೆ ತೂಗುಬಿಡುತ್ತಿದ್ದ ಬೆಡ್ ಸ್ವಿಚ್ಚಿದ್ದರೆ ಆ ದೀಪಕ್ಕೂ ಇದೇ ಗತಿ. ಮಹಡಿಯ ಮೆಟ್ಟಿಲ ದೀಪವಂತೂ ಇನ್ನೂ ಚಮತ್ಕಾರದ್ದು: ಕೆಳಗೊಂದು, ಮೇಲೊಂದು ಸ್ವಿಚ್ಚಿದ್ದು, ಎರಡರಲ್ಲಿ ಯಾವುದನ್ನು ಒತ್ತಿದರೂ ಸ್ಥಿತಿ ಬದಲಾಗುವುದರಿಂದ ‘ಇದು ಹೊತ್ತಿದ ಕಡೆ’ ಎಂದು ಗುರುತಿಡುವುದಕ್ಕೇ ಆಗದು. ಅಲ್ಲಿ ಜಾಣಬಲ್ಬನ್ನು ಹಾಕದಿರುವುದೇ ಜಾಣತನ.

ಇದೆಲ್ಲ ಬರಿಯ ಕಿರಿಕಿರಿಯೆಂದು ತಳ್ಳಿಹಾಕುವ ಹಾಗಿಲ್ಲ. ಮನೆಯಲ್ಲಿ ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರಿದ್ದಾರೆಂದು ಭಾವಿಸಿರಿ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಲು ಏಳುತ್ತಾರೆ. ಕಣ್ಣು ಮಂದವಾಗಿದ್ದರೂ ಕೈಗೆ ಸ್ವಿಚ್ಚಿನ ಸ್ಥಾನ ಗೊತ್ತು. ನಲವತ್ತು ವರ್ಷ ಆ ಗೋಡೆಯನ್ನು ಸವರಿದ ಕೈ ಅದು. ಒತ್ತಿದರೆ ದೀಪ ಹೊತ್ತುವುದಿಲ್ಲ. ಏಕೆಂದರೆ ಹತ್ತು ಗಂಟೆಗೆ ಮೊಮ್ಮಗನು ಅದನ್ನು ಫೋನಿನಿಂದ ಆರಿಸಿದ್ದಾನೆ, ಅಜ್ಜಿ ಈಗ ಒತ್ತಿದ್ದು ವಿದ್ಯುತ್ತನ್ನೇ ಕಡಿಯುವ ಕಡೆಗೆ. ಕತ್ತಲೆಯಲ್ಲಿಯೇ ತಡವಿಕೊಂಡು ಹೋಗಿ ಒದ್ದೆ ನೆಲದ ಮೇಲೆ ಕಾಲು ಜಾರಿದರೆ ಮುಂದಿನದನ್ನು ಬರೆಯಬೇಕಾಗಿಲ್ಲ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವುದೆಂದರೆ ಎಂಥದೆಂಬುದು ಅನೇಕ ಮನೆಗಳಿಗೆ ಅನುಭವದಿಂದ ತಿಳಿದಿದೆ. ಬೀಳದಿದ್ದರೂ, ತಮ್ಮ ಮನೆಯಲ್ಲಿ ಒಂದು ದೀಪ ಬೇಕಾದರೆ ಮೊಮ್ಮಗನನ್ನು ಎಬ್ಬಿಸಿ ಕೇಳಬೇಕಾಯಿತಲ್ಲ ಎಂಬ ಸಂಕೋಚ ಉಂಟು. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮರುದಿನದಿಂದ ರಾತ್ರಿ ನೀರು ಕುಡಿಯುವುದನ್ನು ಕಡಿಮೆಮಾಡಿಬಿಡುತ್ತಾರೆ, ಅಷ್ಟೇ.

ಆದಕಾರಣ ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯಾವ ದೀಪವೇ ಆಗಲಿ, ಫೋನಿಲ್ಲದವರೂ ಮನೆಗೆ ಹೊಸಬರೂ ಕತ್ತಲೆಯಲ್ಲಿ ಕೈಚಾಚಿ ಅದನ್ನು ಹೊತ್ತಿಸುವಂತಿರಬೇಕು. ಫೋನು, ಬಾಯಿಮಾತು, ಗಡಿಯಾರದ ಏರ್ಪಾಡು ಇವೆಲ್ಲ ಅದರ ಮೇಲೆ ಬರುವ ಸೌಕರ್ಯಗಳು. ಅದರ ಬದಲಿಗೆ ಬರತಕ್ಕವಲ್ಲ. ಬಲ್ಬನ್ನು ಕೊಳ್ಳುವುದಕ್ಕೆ ಮೊದಲೇ ಒಂದೊಂದು ದೀಪದ ಕೆಳಗೂ ನಿಂತು ‘ಇದನ್ನು ಕೈಯಿಂದ ಹೊತ್ತಿಸುವವರು ಯಾರು, ಎಲ್ಲಿಂದ?’ ಎಂದು ಕೇಳಿಕೊಂಡರೆ ಅರ್ಧ ತೊಂದರೆ ತಪ್ಪೀತು.

ಈಗಾಗಲೇ ಕೊಂಡವರು ಮಾಡತಕ್ಕ ಮೊದಲನೆಯ ಕೆಲಸವೊಂದುಂಟು. ಹೆಚ್ಚಿನ ಜಾಣಬಲ್ಬುಗಳಲ್ಲಿ, ನಿಂತ ವಿದ್ಯುತ್ತು ಮರಳಿ ಬಂದಾಗ ಬಲ್ಬು ಏನು ಮಾಡಬೇಕೆಂಬುದನ್ನು ಫೋನಿನಲ್ಲಿ ಮೊದಲೇ ಗೊತ್ತುಪಡಿಸಬಹುದು. ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಬಂದೊಡನೆ ಪೂರ್ಣವಾಗಿ ಬೆಳಗುವುದು ಒಂದು; ಹೋಗುವ ಮುನ್ನ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಗೆ ಬರುವುದು ಇನ್ನೊಂದು. ಹ್ಯೂ ಬಲ್ಬುಗಳಲ್ಲಿ ಈ ಎರಡನೆಯ ಅನುಕೂಲ 2018ರಲ್ಲಿ ಮಾತ್ರ ಸೇರಿತು. ಅಲ್ಲಿಯವರೆಗೆ, ನಡುರಾತ್ರಿ ಕರೆಂಟು ಹೋಗಿ ಬಂದರೆ ಮನೆಯ ಬಲ್ಬುಗಳೆಲ್ಲ ಒಮ್ಮೆಗೇ ಬೆಳಗಿ ತೊಟ್ಟಿಲ ಮಗುವನ್ನು ಎಬ್ಬಿಸುತ್ತಿದ್ದವು. ಕರೆಂಟು ಹೋಗಿಬರುವುದು ಅಪರೂಪವಲ್ಲದ ನಮ್ಮ ಊರುಗಳಲ್ಲಿ ಇದೇನು ಚಿಕ್ಕ ವಿಷಯವಲ್ಲ.

ಆದರೆ ಎರಡು ದಾರಿಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಒಂದು ಕಡೆ ನಷ್ಟವುಂಟೆಂಬುದನ್ನು ಗಮನಿಸಬೇಕು. ಮೊದಲನೆಯ ದಾರಿಯಿದ್ದರೆ ಅಜ್ಜಿಗೆ ಹೇಳಿಕೊಡುವುದು ಸುಲಭ: ‘ಒಂದು ಸಲ ಒತ್ತಿ ಹೊತ್ತದಿದ್ದರೆ ಇನ್ನೊಂದು ಸಲ ಒತ್ತಿ, ಅಜ್ಜಿ, ಖಂಡಿತ ಹೊತ್ತುತ್ತದೆ.’ ಫೋನು ಏನೇ ಹೇಳಿರಲಿ, ವಿದ್ಯುತ್ತು ಕಡಿದು ಮರಳಿತೆಂದರೆ ಬಲ್ಬು ಬೆಳಗಲೇಬೇಕು. ಆದರೆ ಕರೆಂಟು ಹೋಗಿಬಂದ ರಾತ್ರಿಯಲ್ಲಿ ಎಲ್ಲರ ನಿದ್ರೆಯೂ ಕೆಡುತ್ತದೆ. ಎರಡನೆಯ ದಾರಿಯಲ್ಲಿ ನಿದ್ರೆಯೇನೋ ಉಳಿಯಿತು. ಆದರೆ ಫೋನಿನಿಂದ ಆರಿಸಿದ ಬಲ್ಬನ್ನು ಗೋಡೆಯ ಸ್ವಿಚ್ಚಿನಿಂದ ನೂರು ಸಲ ಒತ್ತಿದರೂ ಹೊತ್ತಿಸಲಾಗದು, ಏಕೆಂದರೆ ಅದರ ನೆನಪಿನಲ್ಲಿರುವ ಹಿಂದಿನ ಸ್ಥಿತಿಯೆಂದರೆ ಆರಿದ ಸ್ಥಿತಿಯೇ. ಇಡೀ ಮನೆಗೆ ಒಂದೇ ಕಟ್ಟು ಮಾಡದೆ ಕೋಣೆಗೆ ತಕ್ಕಂತೆ ನಡೆದುಕೊಳ್ಳುವುದು ಯುಕ್ತವೆಂದು ತೋರುತ್ತದೆ. ಓಡಾಡುವ ಹಾದಿ, ಅಡಿಗೆಮನೆ, ಬಚ್ಚಲು, ಹಿರಿಯರ ಕೋಣೆ ಇವುಗಳಲ್ಲಿ ಬಂದೊಡನೆ ಬೆಳಗಲಿ. ಮಕ್ಕಳು ಮಲಗುವ ಕೋಣೆಯಲ್ಲಿ ಹಿಂದಿನ ಸ್ಥಿತಿ ಇರಲಿ, ಅಲ್ಲಿ ಕೈಗೆ ಬೇರೊಂದು ಗುಂಡಿಯನ್ನು ಒದಗಿಸಿದರಾಯಿತು. ಆ ಗುಂಡಿಯ ವಿಷಯವನ್ನು ಮುಂದೆ ಹೇಳುತ್ತೇನೆ.

ಒತ್ತುವುದರಲ್ಲಿಯೂ ಒಂದು ಎಚ್ಚರಿಕೆ ಬೇಕು. ಅನೇಕ ಕಂಪನಿಗಳ ಬಲ್ಬುಗಳಲ್ಲಿ ಸ್ವಿಚ್ಚನ್ನು ಬೇಗಬೇಗನೆ ಮೂರರಿಂದ ಐದು ಸಲ ಹಾಕಿ ತೆಗೆದರೆ, ಬಲ್ಬು ತನ್ನ ಯಜಮಾನನನ್ನೇ ಮರೆತು ಹೊಸದಾಗಿ ಪರಿಚಯ ಮಾಡಿಕೊಳ್ಳಲು ಕಣ್ಣು ಮಿಟುಕಿಸುತ್ತ ನಿಲ್ಲುತ್ತದೆ. ಸ್ವಿಚ್ಚಿನೊಡನೆ ಆಡುವ ಮಗು ಇದನ್ನು ಅನಾಯಾಸವಾಗಿ ಸಾಧಿಸುತ್ತದೆ. ಮಳೆಗಾಲದಲ್ಲಿ ಮಿಣುಕುತ್ತ ಹೋಗಿಬರುವ ಕರೆಂಟು ಕೂಡ ಇದನ್ನು ಮಾಡಬಲ್ಲದು.

ಇನ್ನು ಕೆಲವು ಜಾತಿಯ ಬಲ್ಬುಗಳು ವೈ-ಫೈ ಅಲ್ಲದೆ ‘ಜಿಗ್‌ಬೀ’ ಎಂಬ ಕ್ರಮದಲ್ಲಿ ಮಾತನಾಡುತ್ತವೆ. ಇವು ಸುದ್ದಿಯನ್ನು ಒಂದರಿಂದೊಂದಕ್ಕೆ ದಾಟಿಸುತ್ತ ಹೋಗುತ್ತವೆ. ನಡುಮನೆಯ ಬಲ್ಬು ಹಿತ್ತಿಲ ಕಡೆಯ ಬಲ್ಬಿಗೆ ಅಂಚೆಯವನಿದ್ದಂತೆ. ನಡುಮನೆಯ ಸ್ವಿಚ್ಚನ್ನು ಆರಿಸಿದರೆ ಅಂಚೆ ಕಡಿದು, ತನ್ನದೇನೂ ದೋಷವಿಲ್ಲದ ಹಿತ್ತಿಲ ಬಲ್ಬೂ ಕಿವುಡಾಗಬಹುದು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿಬರುವ ತಂದೆತಾಯಿಗಳು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ ಅಲ್ಲಿನ ಏರ್ಪಾಡನ್ನೂ ಹೇಳುವುದು ಉಚಿತ. ಅಲ್ಲಿನ ಎಷ್ಟೋ ಮನೆಗಳ ನಡುಮನೆಯಲ್ಲಿಯೂ ಮಲಗುವ ಕೋಣೆಯಲ್ಲಿಯೂ ಛಾವಣಿಗೆ ದೀಪವೇ ಇರುವುದಿಲ್ಲ. ಬಾಗಿಲ ಪಕ್ಕದ ಸ್ವಿಚ್ಚು ಗೋಡೆಯ ಬುಡದಲ್ಲಿರುವ ಪ್ಲಗ್ಗೊಂದಕ್ಕೆ ಸೇರಿರುತ್ತದೆ. ಆ ಪ್ಲಗ್ಗಿಗೆ ಸಿಕ್ಕಿಸಿದ ನಿಲುವುದೀಪವೇ ಕೋಣೆಯ ದೀಪ. ಅಡಿಗೆಮನೆ ಬಚ್ಚಲುಮನೆಗಳನ್ನು ಬಿಟ್ಟು ಉಳಿದ ವಾಸದ ಕೋಣೆಗಳಿಗೆ ಇಷ್ಟು ಸಾಕೆಂದು ಅಲ್ಲಿನ ವಿದ್ಯುತ್ ನಿಯಮಾವಳಿಯೇ ಒಪ್ಪುತ್ತದೆ. ಮಗ ಆ ದೀಪಕ್ಕೆ ಜಾಣಬಲ್ಬನ್ನು ಹಾಕಿ ಕೆಲಸಕ್ಕೆ ಹೋಗಿರುತ್ತಾನೆ. ಸಂಜೆಯಾದ ಮೇಲೆ ತಾಯಿ ಬಾಗಿಲ ಪಕ್ಕದ ಸ್ವಿಚ್ಚನ್ನು ಒತ್ತುತ್ತಾರೆ. ಅದರ ಮೇಲೆ, ನಮ್ಮಲ್ಲಿ ಸ್ವಿಚ್ಚಿನ ಕೆಳಮುಖ ಹೊತ್ತಿದ ಗುರುತಾದರೆ ಅಲ್ಲಿ ಮೇಲ್ಮುಖ. ಒಂದು ಸಮಾಧಾನವೆಂದರೆ, ಆ ಜೋಡಿ ಪ್ಲಗ್ಗಿನಲ್ಲಿ ಅನೇಕ ವೇಳೆ ಒಂದು ಅರ್ಧ ಮಾತ್ರ ಗೋಡೆಯ ಸ್ವಿಚ್ಚಿಗೆ ಸೇರಿದ್ದು, ಇನ್ನೊಂದು ಅರ್ಧದಲ್ಲಿ ಯಾವಾಗಲೂ ವಿದ್ಯುತ್ತಿರುತ್ತದೆ. ದೀಪದ ಪಿನ್ನನ್ನು ಕಿತ್ತು ಆ ಇನ್ನೊಂದು ಅರ್ಧಕ್ಕೆ ಹಾಕಿ, ಬಾಗಿಲ ಬಳಿ ಒಂದು ನಿಸ್ತಂತು ಗುಂಡಿಯನ್ನು ಅಂಟಿಸಿದರೆ ತಗಾದೆ ತೀರಿತು. ಒಂದು ಡಾಲರಿನ ತಂತಿಕೆಲಸವೂ ಬೇಡ. ಅಲ್ಲಿನ ನಿಲುವುದೀಪಗಳ ಹೋಲ್ಡರಿನಲ್ಲಿ ಮಂದ, ಮಧ್ಯ, ಪ್ರಖರವೆಂದು ಮೂರು ಮಟ್ಟಗಳ ತಿರುಗುಕೀಲಿಯಿದ್ದರೆ, ಜಾಣಬಲ್ಬಿಗೆ ಅದರ ನಾಲ್ಕು ತಿರುವುಗಳಲ್ಲಿ ಎರಡರಲ್ಲಿ ಮಾತ್ರ ವಿದ್ಯುತ್ತು ಸಿಗುತ್ತದೆ. ಒಂದು ತಿರುವಿಗೆ ಹೊತ್ತದಿದ್ದರೆ ಬಲ್ಬು ಕೆಟ್ಟಿತೆನ್ನದೆ ಇನ್ನೊಂದು ತಿರುವು ತಿರುಗಿಸಬೇಕು. ಆಮೇಲೆ ಆ ಕೀಲಿಯನ್ನು ಹಾಗೆಯೇ ಬಿಟ್ಟುಬಿಡತಕ್ಕದ್ದು.

ನಿಸ್ತಂತು ಗುಂಡಿಯೆಂದೆನಷ್ಟೆ. ನಾಣ್ಯದಂಥ ಚಿಕ್ಕ ಬ್ಯಾಟರಿಯಿಂದ ನಡೆಯುವ ಈ ಗುಂಡಿ ನೋಡಲು ಸ್ವಿಚ್ಚಿನಂತೆಯೇ ಇದ್ದು, ವಿದ್ಯುತ್ತನ್ನು ಕಡಿಯದೆ ಬಲ್ಬಿಗೆ ಸುದ್ದಿ ಕಳುಹಿಸುತ್ತದೆ. ಬ್ಯಾಟರಿಯೂ ಬೇಡದೆ, ಒತ್ತಿದ ಬೆರಳಿನ ಬಲದಿಂದಲೇ ತನಗೆ ಬೇಕಾದಷ್ಟು ವಿದ್ಯುತ್ತನ್ನು ಹುಟ್ಟಿಸಿಕೊಳ್ಳುವ ಗುಂಡಿಗಳೂ ಉಂಟು. ಈ ಯುಕ್ತಿ ನನಗೆ ಬಹಳ ಮೆಚ್ಚುಗೆಯಾದದ್ದು. ಹಳೆಯ ಸ್ವಿಚ್ಚಿನ ಪಕ್ಕದಲ್ಲಿ, ಅದೇ ಎತ್ತರದಲ್ಲಿ, ಕತ್ತಲೆಯಲ್ಲಿ ಕೈಗೆ ಸಿಕ್ಕುವಂತೆ ಇದನ್ನು ಅಂಟಿಸಬೇಕು. ಹಳೆಯ ಸ್ವಿಚ್ಚಿನ ಮೇಲೆ ಕಾಗದದ ಪಟ್ಟಿಯ ಬದಲು ಗಟ್ಟಿಯಾದ ಒಂದು ಮುಚ್ಚಳವಿರಲಿ. ಮುಚ್ಚಳವಾದರೆ ಕೈಗೇ ಅದು ತಿಳಿಯುತ್ತದೆ. ಬರೆದ ಕಾಗದವನ್ನು ಕತ್ತಲೆಯಲ್ಲಿ ಓದುವವರಾರು?

ಇದಕ್ಕಿಂತ ಅಚ್ಚುಕಟ್ಟಾದ ಉಪಾಯವೊಂದುಂಟು. ಗೋಡೆಯ ಸ್ವಿಚ್ಚಿನ ಹಿಂದೆ ಒಂದು ಸಣ್ಣ ಪೆಟ್ಟಿಗೆಯನ್ನು ಕೂರಿಸಿ, ವಿದ್ಯುತ್ತಿನ ತಂತಿಗಳನ್ನು ಸ್ವಿಚ್ಚಿನಿಂದ ಬಿಡಿಸಿ ನೇರವಾಗಿ ಜೋಡಿಸಿಬಿಡುವುದು. ಸ್ವಿಚ್ಚು ಆ ಪೆಟ್ಟಿಗೆಯ ಮೂಲಕ ಸುದ್ದಿಯನ್ನು ಮಾತ್ರ ಹೇಳುತ್ತದೆ. ಹ್ಯೂ ಕಂಪನಿಯೇ 2021ರಲ್ಲಿ ಇಂಥದನ್ನು ಹೊರತಂದಿತು. ಆಗ ಅಜ್ಜಿಯ ಕೈಗೆ ಹಳೆಯ ಸ್ವಿಚ್ಚೇ ಉಳಿಯುತ್ತದೆ, ಬಲ್ಬಿಗೆ ಸದಾ ವಿದ್ಯುತ್ತೂ ದೊರೆಯುತ್ತದೆ. ಆದರೆ ಆ ಮೇಲೆ ಸ್ವಿಚ್ಚನ್ನು ಆರಿಸಿದರೂ ಹೋಲ್ಡರಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಬಲ್ಬು ಬದಲಾಯಿಸುವಾಗ ಮೀಟರಿನ ಬಳಿಯ ಎಂ.ಸಿ.ಬಿ.ಯನ್ನೇ ಇಳಿಸತಕ್ಕದ್ದು. ಜಾಣಬಲ್ಬನ್ನು ಫೋನಿನಿಂದ ಆರಿಸಿ ಹೋಲ್ಡರಿಗೆ ಕೈಹಾಕುವುದಂತೂ ಯಾವ ಮನೆಯಲ್ಲಿಯೂ ಕೂಡದು. ಬೆಳಕಿಲ್ಲವೆಂದ ಮಾತ್ರಕ್ಕೆ ವಿದ್ಯುತ್ತಿಲ್ಲವೆಂದಲ್ಲ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ಬಲ್ಬಿಗೇ ಏಕೆ ಜಾಣತನವಿರಬೇಕು, ಸ್ವಿಚ್ಚಿಗಿದ್ದರೆ ಸಾಲದೆ? ಸಾಲುತ್ತದೆ, ಹೆಚ್ಚಿನ ಮನೆಗಳಿಗೆ ಅದೇ ಮೇಲು. ಸ್ವಿಚ್ಚುಬೋರ್ಡಿನ ಹಿಂದೆ ಕೂರಿಸುವ ಜಾಣಪೆಟ್ಟಿಗೆಗಳು ನಮ್ಮ ಅಂಗಡಿಗಳಲ್ಲಿ ದೊರೆಯುತ್ತವೆ. ಬಲ್ಬು ಸಾಮಾನ್ಯ ಒಂಬತ್ತು ವಾಟಿನದೇ ಸಾಕು. ಕೈಯಿಂದ ಒತ್ತಿದರೂ ಫೋನಿನಿಂದ ಹೇಳಿದರೂ ನಡೆಯುತ್ತದೆ. ವೈ-ಫೈ ನಿಂತರೂ ಕೈಯ ಸ್ವಿಚ್ಚು ನಿಲ್ಲುವುದಿಲ್ಲ. ಇವುಗಳಲ್ಲಿ ಬಹುಪಾಲಿಗೆ ಬೋರ್ಡಿನಲ್ಲಿ ನ್ಯೂಟ್ರಲ್ ತಂತಿಯಿರಬೇಕು. ಬೋರ್ಡಿನಲ್ಲಿ ಪ್ಲಗ್ಗೂ ಇದ್ದರೆ ಅದು ಅಲ್ಲಿಗೆ ಬಂದೇ ಇರುತ್ತದೆ. ಬರಿಯ ದೀಪದ ಸ್ವಿಚ್ಚುಗಳಿರುವ ಬೋರ್ಡಿನಲ್ಲಿ ಇಲ್ಲದಿರಬಹುದು. ನ್ಯೂಟ್ರಲ್ ಬೇಡದ ಪೆಟ್ಟಿಗೆಗಳು ಬಲ್ಬಿನ ಮೂಲಕವೇ ಚೂರು ವಿದ್ಯುತ್ತನ್ನು ಎಳೆದುಕೊಳ್ಳುವುದರಿಂದ ಎಲ್.ಇ.ಡಿ. ಬಲ್ಬುಗಳು ಆರಿದ ಮೇಲೂ ಮಸುಕಾಗಿ ಮಿನುಗುವುದುಂಟು. ಬಣ್ಣ ಬದಲಾಯಿಸುವ ವಿನೋದ ಮಾತ್ರ ಈ ಏರ್ಪಾಡಿನಲ್ಲಿಲ್ಲ. ದೀಪಾವಳಿಯ ನಾಲ್ಕು ದಿನ ಬಿಟ್ಟರೆ ನಡುಮನೆ ನೀಲಿಯಾಗಿರಬೇಕೆಂದು ಬಯಸುವವರು ಎಷ್ಟು ಮಂದಿ? ತಂತಿಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಜಾಣಬಲ್ಬಿಗೆ ಯೋಗ್ಯವಾದ ಸ್ಥಳವೇ ಇಲ್ಲವೆ? ಇದೆ. ಮಂಚದ ಪಕ್ಕದ ಮೇಜಿನ ದೀಪವೇ ಅದಕ್ಕೆ ಒಪ್ಪುವ ಸ್ಥಳ. ರಾತ್ರಿ ಮಂದವಾದ ಕೆಂಬೆಳಕನ್ನೂ ಓದುವಾಗ ಬಿಳಿಯ ಬೆಳಕನ್ನೂ ಕೊಡುವ ಬಲ್ಬು ಅಲ್ಲಿ ನಿಜವಾಗಿ ಪ್ರಯೋಜನಕ್ಕೆ ಬರುತ್ತದೆ. ಗೋಡೆಯ ಪ್ಲಗ್ಗಿನ ಸ್ವಿಚ್ಚು ಮಂಚದ ಹಿಂದೆ ಮರೆಯಾಗಿದ್ದರೆ ಒಳ್ಳೆಯದೇ ಆಯಿತು. ತಂತಿಯ ನಡುವಿನ ಸ್ವಿಚ್ಚನ್ನು ಹಾಕಿದ ಸ್ಥಿತಿಯಲ್ಲಿಟ್ಟು ಕೈಗೆ ಸಿಗದಂತೆ ಮೇಜಿನ ಹಿಂಬದಿಗೆ ಸರಿಸಿ, ನಿಸ್ತಂತು ಗುಂಡಿಯನ್ನು ಮೇಜಿನ ಮೇಲಿಡಬೇಕು. ಯಜಮಾನರು ಮೂವರೂ ಅಲ್ಲಿಯೇ ಇದ್ದರೂ ಕೈಗೆ ಸಿಗುವವನು ಒಬ್ಬನೇ. ಕೊಳ್ಳುವಾಗ ಹೋಲ್ಡರನ್ನು ನೋಡಿಕೊಂಡು ಹೋಗಿರಿ: ಛಾವಣಿಯಲ್ಲಿ ನಾವು ಬಳಸುವುದು ಎರಡು ಮೊಳೆಗಳ ಬಿ-22 ಮಾದರಿ; ಮೇಜಿನ ದೀಪಗಳಲ್ಲಿ ಅನೇಕವು ತಿರುಪಿನ ಇ-27 ಮಾದರಿಯವು. ಬೆಳಕನ್ನು ತಗ್ಗಿಸುವ ಡಿಮ್ಮರಿರುವ ಕಡೆ ಜಾಣಬಲ್ಬನ್ನು ಹಾಕಬಾರದು. ಅದಕ್ಕೆ ಕುಂದಿಲ್ಲದ ವಿದ್ಯುತ್ತೇ ಬೇಕು.

ಖರ್ಚಿನ ಮಾತು ಬಂದರೆ, ನಂದಾದೀಪಕ್ಕೂ ಎಣ್ಣೆ ಬೇಕಷ್ಟೆ. ಆರಿದಂತೆ ಕಾಣುವಾಗ ಇಂಥ ಬಲ್ಬು ಅರ್ಧ ವಾಟಿಗಿಂತ ಹೆಚ್ಚು ಬಳಸಬಾರದೆಂದು ಯೂರೋಪಿನ ಒಕ್ಕೂಟ 2021ರ ಸೆಪ್ಟೆಂಬರಿನಿಂದ ನಿಯಮ ಮಾಡಿದೆ. ಆ ಲೆಕ್ಕವನ್ನೇ ಹಿಡಿಯೋಣ. ಒಂಬತ್ತು ವಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ ಸುಮಾರು 16 ಯೂನಿಟ್ಟು. ಉಳಿದ 19 ಗಂಟೆ ಸುಮ್ಮನೆ ಕಾದಿರುವುದಕ್ಕೆ ಸುಮಾರು 3½ ಯೂನಿಟ್ಟು. ಉರಿಯುವುದಕ್ಕೆ ಬೇಕಾದುದರಲ್ಲಿ ಐದನೆಯ ಒಂದು ಪಾಲು ಬರಿಯ ಕಾಯುವಿಕೆಗೆ ಹೋಯಿತು. ಒಂದೆರಡು ಬಲ್ಬಾದರೆ ಇದು ಲೆಕ್ಕಕ್ಕಿಲ್ಲ. ಇಪ್ಪತ್ತು ಬಲ್ಬಿನ ಮನೆಯಲ್ಲಿ ವರ್ಷಕ್ಕೆ 70 ಯೂನಿಟ್ಟು. ಇನ್‌ವರ್ಟರ್ ಇರುವ ಮನೆಯವರು ವೈ-ಫೈ ಪೆಟ್ಟಿಗೆಯನ್ನೂ ಅದಕ್ಕೇ ಸೇರಿಸಿರಬೇಕು; ಇಲ್ಲವಾದರೆ ಕರೆಂಟು ಹೋದಾಗ ವೈ-ಫೈ ಬಲ್ಬುಗಳು ಉರಿಯುತ್ತಿದ್ದರೂ ಫೋನಿನ ಮಾತು ಕೇಳವು.

ಕೊನೆಗೆ, ಈ ಬಲ್ಬುಗಳಲ್ಲಿ ಅನೇಕವು ಕಂಪನಿಯ ದೂರದ ಯಂತ್ರಾಗಾರವನ್ನು ಕೇಳಿಯೇ ನಡೆಯುವಂಥವು. ಅಮೆರಿಕದ ‘ಇನ್‌ಸ್ಟಿಯಾನ್’ ಎಂಬ ಕಂಪನಿ 2022ರ ಏಪ್ರಿಲ್ ತಿಂಗಳಲ್ಲಿ ಮುನ್ಸೂಚನೆಯಿಲ್ಲದೆ ಬಾಗಿಲು ಹಾಕಿದಾಗ ಗಿರಾಕಿಗಳ ಫೋನಿನ ಅಪ್ಪಣೆಗಳೆಲ್ಲ ನಿಂತವು; ಕೆಲವು ವಾರಗಳ ಮೇಲೆ ಬಳಕೆದಾರರದೇ ಒಂದು ಗುಂಪು ಅದನ್ನು ಕೊಂಡು ಮತ್ತೆ ನಡೆಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅನೇಕ ಕಂಪನಿಗಳು ಕೂಡಿ ‘ಮ್ಯಾಟರ್’ ಎಂಬ ಸಾಮಾನ್ಯ ಕ್ರಮವನ್ನು ಹೊರಡಿಸಿದವು. ಮನೆಯೊಳಗಿನ ಅಪ್ಪಣೆ ಮನೆಯೊಳಗೇ ನಡೆಯುವುದು ಅದರ ಉದ್ದೇಶಗಳಲ್ಲೊಂದು. ಕೊಳ್ಳುವವರು ಪೊಟ್ಟಣದ ಮೇಲೆ ಆ ಗುರುತಿದೆಯೇ ಎಂದು ನೋಡಬಹುದು. ದೂರದ ಕಂಪನಿಯ ಮಾತಂತಿರಲಿ. ಮನೆಯ ಬಲ್ಬುಗಳೆಲ್ಲ ಒಬ್ಬನೇ ಮಗನ ಫೋನಿನ ಖಾತೆಯಲ್ಲಿದ್ದು, ಅವನು ಕೆಲಸದ ಮೇಲೆ ಬೇರೆ ಊರಿಗೆ ಹೋದರೆ ಮಿಕ್ಕವರ ಗತಿಯೇನು? ಆ ಖಾತೆಯ ಹೆಸರನ್ನೂ ಗುಟ್ಟಿನ ಪದವನ್ನೂ, ಯಾವ ದೀಪಕ್ಕೆ ಯಾವ ಗುಂಡಿಯೆಂಬ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ಬರೆದು, ಹಾಲಿನ ಲೆಕ್ಕದ ಪುಸ್ತಕದ ಜೊತೆಗೋ ಮೀಟರಿನ ಪೆಟ್ಟಿಗೆಯ ಒಳಬದಿಗೋ ಇಟ್ಟಿರತಕ್ಕದ್ದು. ಬಾಡಿಗೆ ಮನೆಯವರು ಬಿಟ್ಟುಹೋಗುವಾಗ ಹಳೆಯ ಬಲ್ಬುಗಳನ್ನು ಹೋಲ್ಡರಿಗೆ ಹಾಕಿ, ಸ್ವಿಚ್ಚಿನ ಮೇಲಿನ ಅಂಟುಪಟ್ಟಿಯನ್ನು ಕಿತ್ತು ಹೋಗುವುದನ್ನು ಮರೆಯಬಾರದು.